ಲ್ಯೂಬಾಳ ಹಿಮ್ಮಡಿ

ಟಣ್, ಟಣ್, ಟಿಣ್. ಎರಡು ಪೆಟ್ಟು ಕಾದ ಲಾಳದ ಮೇಲೆ, ಮೂರನೆಯದು ಹಗುರವಾಗಿ ಬರಿಯ ಅಡೆಗಲ್ಲಿನ ಮೇಲೆ. ಜಿಂಡಬೈನ್ ಎಂಬ ನಮ್ಮ ಬೆಟ್ಟದೂರಿನ ಸುತ್ತಮುತ್ತ ಕುದುರೆ ಸಾಕಿದವರಿಗೆಲ್ಲ ಈ ಸದ್ದಿನ ಅರ್ಥ ಗೊತ್ತು. ಲಾಳ ಹೊಡೆಯುವ ಲ್ಯೂಬಾ ಹ್ರಿಬಾರಳ ಪಾಲಿಗೆ ಮಾತು ಮುಗಿದಿದೆ. ನಿಮ್ಮದು ಮುಗಿಯದೆ ಇರಬಹುದು, ನಿಮ್ಮ ಕುದುರೆಯ ಹಳೆಯ ಕುಂಟಿನ ಕಥೆಯಲ್ಲಿ ನೀವಿನ್ನೂ ಅರ್ಧ ದಾರಿಯಲ್ಲಿರಬಹುದು. ಆದರೆ ಅವಳಿಗೆ ಬೇಕಾದದ್ದು ಸಿಕ್ಕಿಬಿಟ್ಟಿದೆ, ಉಳಿದದ್ದನ್ನು ನೀವು ಅವಳ ಬೆನ್ನಿಗೆ ಹೇಳಿಕೊಳ್ಳಬೇಕು. ಐವತ್ತನೆಯ ಹುಟ್ಟುಹಬ್ಬದ ದಿನ ಗೆಳೆಯನೊಬ್ಬ ಗ್ಲಾಸು ಎತ್ತಿ ಹಿಡಿದು ಅವಳ ಗುಣಗಾನ ಮಾಡುತ್ತಿದ್ದಾಗ, ಅವಳು ಹಿಂಬಾಗಿಲಿನಿಂದ ಹೊರಬಿದ್ದು ಕುದುರೆಗೆ ಹುಲ್ಲು ಹಾಕುತ್ತಿದ್ದಳು. ಮದುವೆ ಬಿಟ್ಟು ಹೋದದ್ದೂ ಹೀಗೆಯೇ, ಒಂದು ವಾಕ್ಯದ ಮಧ್ಯೆ ಎದ್ದು ನಡೆದಳು ಎಂದು ಅವಳ ಮಾಜಿ ಗಂಡ ಬಾರಿನಲ್ಲಿ ಹೇಳುವುದುಂಟು. ಆ ವಾಕ್ಯ ಯಾವುದೆಂದು ಮಾತ್ರ ಅವನು ಇದುವರೆಗೆ ಹೇಳಿಲ್ಲ.

ನಿಂತಾಗ ಅವಳು ಎರಡೂ ಕಾಲ ಮೇಲೆ ನಿಲ್ಲುವುದಿಲ್ಲ. ಬದುಕೆಲ್ಲ ಕುದುರೆಗಳ ನಡುವೆ ಕಳೆದದ್ದಕ್ಕೋ ಏನೋ, ಅವುಗಳ ಹಾಗೆಯೇ ಒಂದು ಕಾಲನ್ನು ಸಡಿಲಬಿಟ್ಟು, ಭಾರವನ್ನೆಲ್ಲ ಇನ್ನೊಂದರ ಮೇಲೆ ಹಾಕಿ, ಸ್ವಲ್ಪ ಹೊತ್ತಿಗೆ ಅದಲು ಬದಲು ಮಾಡುತ್ತಾಳೆ. ಚಳಿಗಾಲವಿರಲಿ ಬೇಸಿಗೆಯಿರಲಿ ಮೈಮೇಲೆ ಒಂದೇ ಕೋಟು, ಮಳೆ ಇಳಿಯದ ಎಣ್ಣೆಬಟ್ಟೆಯದು, ಮೊಣಕಾಲು ಮುಚ್ಚುವಷ್ಟು ಉದ್ದ. ಅದರ ಜೇಬುಗಳಲ್ಲಿ ಲಾಳದ ಮೊಳೆಗಳು, ಜೇಬುಗಳಿಗೋ ತೂತು. ಹಾಗಾಗಿ ಅವಳು ಬಂದುಹೋದ ಜಾಗ ನಮ್ಮೂರಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಬೇಕರಿಯ ಗಲ್ಲಾದ ಬಳಿ ಒಂದು ಮೊಳೆ, ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಒಂದು, ನೆರಿಡಾ ಪ್ಲಂಕೆಟ್‌ಳ ಬೂಟಿನಂಗಡಿಯ ಬೆಂಚಿನ ಕೆಳಗೆ ಎಷ್ಟೋ. ನೆರಿಡಾ ಅವನ್ನು ಹೆಕ್ಕಿ ಹಳೆಯ ಜಾಮ್ ಬಾಟಲಿಗೆ ಹಾಕಿಡುತ್ತಾಳೆ. ಕೇಳಿದವರಿಗೆ, "ಅವಳು ಅರ್ಧಕ್ಕೇ ಬಿಟ್ಟುಹೋದ ಮಾತುಗಳು ಇವು," ಎನ್ನುತ್ತಾಳೆ.

ಎರಡೂ ಬೂಟು ಬಿಗಿದು ಹಿಮದ ಮೇಲೆ ಜಾರುವ ಹಲಗೆಯನ್ನು, ಸ್ನೋಬೋರ್ಡನ್ನು, ಅವರಿಬ್ಬರೂ ಒಟ್ಟಿಗೇ ಕಲಿತವರು, ಜನರನ್ನು ತಂತಿಯ ಮೇಲೆ ಬೆಟ್ಟಕ್ಕೆ ಏರಿಸುವ ಲಿಫ್ಟಿನವರು ಹಲಗೆ ಕಂಡರೆ ಹತ್ತಗೊಡದೆ ಓಡಿಸುತ್ತಿದ್ದ ಕಾಲದಲ್ಲಿ. ಆಗ ಬೆಟ್ಟವನ್ನು ನಡೆದೇ ಹತ್ತಬೇಕು, ಒಂದು ಇಳಿತಕ್ಕೆ ಅರ್ಧ ದಿನದ ಏರು. ಬೇರೆಯವರು ಬೇಸತ್ತು ಬಿಟ್ಟರು, ಇವರು ಬಿಡಲಿಲ್ಲ. ಇಂದಿಗೂ ಲಿಫ್ಟಿಲ್ಲದ ಟ್ವೈನಮ್ ಶಿಖರದ ಪಡುವಣ ಮೈ ಅವರಿಗೆ ತವರುಮನೆ. ಅಲ್ಲಿಗೆ ಹೋಗುವ ತಂಡಕ್ಕೆ ಒಂದೇ ನಿಯಮ. ಒಬ್ಬಳು ಬೇಡವೆಂದರೆ ಯಾರೂ ಇಳಿಯುವಂತಿಲ್ಲ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಅಷ್ಟು ವರ್ಷಗಳಲ್ಲಿ ಬೇಡವೆಂಬ ಮಾತು ಬಂದದ್ದು ಗಾಳಿಗೆ, ಮಂಜಿಗೆ, ಒಮ್ಮೆ ನೆರಿಡಾಳ ಬಸಿರಿಗೆ. ಬೂಟಿನ ಕಾರಣಕ್ಕೆ ಬಂದದ್ದು ಈ ಆಗಸ್ಟಿನಲ್ಲಿ, ಭೂಮಿಯ ಈ ದಕ್ಷಿಣ ಭಾಗದ ನಡುಚಳಿಗಾಲದಲ್ಲಿ, ಮೊದಲ ಬಾರಿ.

ಹಲಗೆಯನ್ನು ತಿರುಗಿಸುವುದು ಕಾಲು ಎಂದು ನೋಡುವವರು ತಿಳಿಯುತ್ತಾರೆ. ಕಾಲು ಹೇಳುತ್ತದೆ ಅಷ್ಟೆ, ತಿರುಗಿಸುವುದು ಬೂಟು. ಬೆರಳ ಕಡೆಯ ಅಂಚಿಗೆ ಮೈಭಾರ ಚೆಲ್ಲಿದಾಗ ಬೂಟಿನೊಳಗೆ ಹಿಮ್ಮಡಿ ಮೇಲೆದ್ದರೆ, ಕಾಲಿನ ಮಾತು ಹಲಗೆಗೆ ಒಂದು ಕ್ಷಣ ತಡವಾಗಿ ಮುಟ್ಟುತ್ತದೆ. ಸಾಧಾರಣ ಇಳಿಜಾರಿನಲ್ಲಿ ಆ ಕ್ಷಣಕ್ಕೆ ಬೆಲೆಯಿಲ್ಲ. ಟ್ವೈನಮ್‌ನ ಪಡುವಣದಲ್ಲಿ ಇದೆ. ಆಗಸ್ಟಿನ ಆ ಬೆಳಿಗ್ಗೆ ಲ್ಯೂಬಾಳ ಹಿಮ್ಮಡಿ ಎದ್ದಿತು, ಅಂಚು ಹಿಮಗಟ್ಟಿಯನ್ನು ಕಚ್ಚಲಿಲ್ಲ, ಅವಳು ಬೆನ್ನು ಕೆಳಗಾಗಿ ಜಾರುತ್ತ ಜಾರುತ್ತ ಕರಿಬಂಡೆಗಳ ಸಾಲಿನ ಮೇಲ್ಗಡೆ, ಹಿಮದಿಂದ ತಲೆಯೆತ್ತಿದ್ದ ಒಂದು ಪೊದೆಗೆ ಸಿಕ್ಕಿ ನಿಂತಳು. ಮೇಲಿನಿಂದ ನೆರಿಡಾ ಕೂಗಿದಳು. ಲ್ಯೂಬಾ ಎದ್ದಳು, ಕೋಟು ಕೊಡವಿದಳು, ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿ ಹಿಂದಿರುಗಿ ನೋಡದೆ ನಡೆದಳು. ಅಂದು ಸಂಜೆ ನೆರಿಡಾ ಅವಳಿಗೆ ಫೋನು ಮಾಡಿ ಒಂದೇ ಮಾತು ಹೇಳಿದಳು. "ಆ ಬೂಟು ಹಾಕ್ಕೊಂಡು ಬರೋದಾದ್ರೆ ಪಡುವಣಕ್ಕೆ ನನ್ನದು ಬೇಡ." ಫೋನು ಆ ತುದಿಯಲ್ಲಿ ಕಟ್ಟಾಯಿತು. ಅದರಲ್ಲಿ ಅಚ್ಚರಿಯೇನೂ ಇರಲಿಲ್ಲ.

ಈಗ ಸೆಪ್ಟೆಂಬರು. ಹಗಲು ರಾತ್ರಿ ಎನ್ನದೆ ಸುರಿದ ಹಿಮ ನಿಂತು, ಸರೋವರದ ಮೇಲಿನ ಮೋಡ ಹರಿದು, ಬೆಟ್ಟಗಳೆಲ್ಲ ಆಗತಾನೆ ಒಗೆದು ಹರವಿದಂತೆ ಕಾಣಿಸಿಕೊಂಡ ಮಧ್ಯಾಹ್ನ. ನಾಳೆ ಗಾಳಿಯಿಲ್ಲ, ನಾಡಿದ್ದು ಬಿಸಿಲೇರಿ ಹಿಮ ಕೆಡುತ್ತದೆ, ಇರುವುದು ನಾಳೆ ಒಂದೇ ಬೆಳಿಗ್ಗೆ. ಊರಿಗೆ ಊರೇ ಜ್ವರ ಬಂದ ಹಾಗೆ ಆಡುತ್ತಿತ್ತು. ಬೇಕರಿಯ ಸಾಲಿನಲ್ಲಿ ಜನ ತಮ್ಮ ಸರದಿ ಬಂದರೂ ಬೆಟ್ಟ ನೋಡುತ್ತ ನಿಂತಿದ್ದರು. ಶಾಲೆಯ ಮೇಷ್ಟರು ಕೆಮ್ಮುವುದನ್ನು ಇವತ್ತೇ ಅಭ್ಯಾಸ ಮಾಡತೊಡಗಿದ್ದರು. ನೆರಿಡಾಳ ಅಂಗಡಿಯಲ್ಲಿ ಆಂಬುಲೆನ್ಸ್ ನಡೆಸುವ ಟ್ಯಾಮ್ಸಿನ್, ಇವರ ತಂಡದ ಮೂರನೆಯವಳು, ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಬೆಂಚಿನ ಮೇಲೆ ಕೂತು ಮಾಂಸದ ಪೈ ತಿನ್ನುತ್ತ, ತನ್ನ ಹಲಗೆಯ ಅಂಚು ಮಸೆದು ಮುಗಿಯುವುದನ್ನು ಕಾಯುತ್ತಿದ್ದಳು. ಬಾಗಿಲ ಮೇಲಿನ ದನದ ಗಂಟೆ ಅಲ್ಲಾಡಿತು.

"ಬೂಟು ಕೊಡು," ಎಂದಳು ಲ್ಯೂಬಾ, ಕಾಲಿನ ಹಳೆಯ ಬೂಟು ಕಳಚಿ ಬೆಂಚಿನ ಮೇಲೆ ಹಾಕುತ್ತ.

"ಹೇಗಿದ್ದೀಯ ಅಂತ ಕೇಳೋ ಪದ್ಧತಿ ಇದೆ ಕಣೆ ಈ ಊರಲ್ಲಿ," ಎಂದಳು ನೆರಿಡಾ.

"ಹೇಗಿದ್ದೀಯ. ಬೂಟು ಕೊಡು."

ಟ್ಯಾಮ್ಸಿನ್ ಪೈ ಹಿಡಿದ ಕೈಯಿಂದಲೇ ಸಲಾಮು ಹೊಡೆದಳು. "ಅಜ್ಜಿ, ಹಳೇ ಬೂಟು ಮ್ಯೂಸಿಯಮ್ಮಿಗೆ ಕೊಡೋದಾದ್ರೆ ಹೇಳು. ಗಾಡಿ ಹೊರಗೇ ಇದೆ, ಸೈರನ್ ಹಾಕ್ಕೊಂಡು ತಲುಪಿಸ್ತೀನಿ."

"ನೀನು ಹುಟ್ಟೋಕ್ ಮುಂಚೆ ಈ ಬೆಟ್ಟ ಇಳಿದಿರೋ ಕಾಲು ಇದು."

"ಕಾಲು ಸರಿ. ವಾಸನೇನೂ ಆಗಿಂದಾನೇ ಬಂದಿದ್ದಾ?"

ಲ್ಯೂಬಾ ನೇರವಾಗಿ ಗಂಡಸರ ಬೂಟಿನ ಗೋಡೆಯ ಮುಂದೆ ಹೋಗಿ ನಿಂತಳು. "ಇದರಲ್ಲಿ ಎಲ್ಲಕ್ಕಿಂತ ಗಡುಸು ಯಾವುದೋ ಅದನ್ನ ಇಳಿಸು."

ಪ್ರತಿ ವರ್ಷವೂ ಇದೇ. ಪ್ರತಿ ವರ್ಷವೂ ಅವಳು ಈ ಗೋಡೆಯ ಮುಂದೆ ನಿಂತು, ಒಂದೆರಡು ಜೊತೆ ಹಾಕಿ, "ಮುಂದಿನ ವರ್ಷ ನೋಡೋಣ" ಎಂದು ಹಳೆಯದನ್ನೇ ಎಳೆದುಕೊಂಡು ಹೋಗುತ್ತಾಳೆ. ಎದುರುಗೋಡೆಯ ಕಡೆ, ಹೆಂಗಸರ ಬೂಟಿನ ಕಡೆ, ಕಣ್ಣು ತಪ್ಪಿಯೂ ಹಾಯಿಸುವುದಿಲ್ಲ. ಅದಕ್ಕೆ ಕಾರಣವಿಲ್ಲದಿಲ್ಲ. ಹಲಗೆ ಕಲಿತ ಹೊಸದರಲ್ಲಿ, ಹೆಂಗಸರದು ಎಂದು ಅವಳಿಗೆ ಸಿಕ್ಕ ಮೊದಲ ಬೂಟು ನೇರಳೆ ಬಣ್ಣದ್ದು, ಪಕ್ಕದಲ್ಲಿ ಹೂವಿನ ಕಸೂತಿ. ಮೊದಲ ಕಡಿದಾದ ತಿರುವಿನಲ್ಲೇ ಅದು ಪಾದದ ಕೀಲಿನ ಬಳಿ ನೆನೆದ ರೊಟ್ಟಿಯಂತೆ ಮಡಚಿಕೊಂಡಿತು. ಅಂದೇ ಅದನ್ನು ನಾಯಿಗೆ ಆಡಲು ಕೊಟ್ಟಳು. ಆಮೇಲೆ ಕಾಲಿಗೆ ಬಂದದ್ದೆಲ್ಲ ಗಂಡಸರದೇ. ಹಿಮ್ಮಡಿಯ ಬಳಿ ಉಳಿಯುವ ಜಾಗಕ್ಕೆ ತೊಗಲಿನ ತುಂಡು, ಜೀನಿನ ಅಡಿಗೆ ಹಾಕುವ ಉಣ್ಣೆಯ ಚೂರು, ಏನು ಸಿಕ್ಕರೆ ಅದು. ಅವಳ ಅಪ್ಪ ಸ್ಲೊವೇನಿಯಾದಿಂದ ಬಂದು ಈ ಬೆಟ್ಟಗಳ ಹೊಟ್ಟೆಯೊಳಗೆ ಸುರಂಗ ತೋಡಿದವನು; ಕೆಲಸಗಾರರ ಶಿಬಿರದಲ್ಲಿ ಹಂಚಿದ ಬೂಟು ಯಾವ ಅಳತೆಯದಾದರೂ ಅದರಲ್ಲೇ ದುಡಿದವನು. "ಬೂಟು ಕಾಲಿಗೆ ಒಗ್ಗಲ್ಲ ಮಗಳೇ, ಕಾಲು ಬೂಟಿಗೆ ಒಗ್ಗುತ್ತೆ," ಎನ್ನುತ್ತಿದ್ದನಂತೆ. ಕುದುರೆಯ ವಿಷಯದಲ್ಲಿ ಅವಳು ಈ ಮಾತನ್ನು ಒಂದು ದಿನವೂ ನಂಬಲಿಲ್ಲ. ತನ್ನ ವಿಷಯದಲ್ಲಿ ಒಂದು ದಿನವೂ ಬಿಡಲಿಲ್ಲ.

ಹೊಸದಾಗಿ ಕಲಿಯುವವರಿಗೆ ಬೂಟು ಹೊಂದಿಸುವುದು ನೆರಿಡಾಳಿಗೆ ಕಷ್ಟವಲ್ಲ. ನೋವಾದ ಕಡೆ ಅವರು ಬೆರಳಿಟ್ಟು ತೋರಿಸುತ್ತಾರೆ. ಕಷ್ಟವೇನಿದ್ದರೂ ನುರಿತವರದು. ಯಾವ ನೋವು ಆಟದ್ದು, ಯಾವುದು ಬೂಟಿನದು ಎಂಬ ಗೆರೆ ಅವರಲ್ಲಿ ಅಳಿಸಿಹೋಗಿರುತ್ತದೆ. ತಾವು ಹೇಗೆ ಇಳಿಯುತ್ತೇವೆ ಎಂಬ ಹೆಮ್ಮೆಯೊಳಗೆ ಆ ಬೂಟಿನ ಕೊರತೆಯೂ ಸೇರಿಹೋಗಿರುತ್ತದೆ. ಇಷ್ಟು ತಿಳಿದಿದ್ದೂ ಗೆಳತಿಯ ಮುಂದೆ ಅವಳು ಅಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಟ್ಟರೆ ಕೇಳಿಸಿಕೊಳ್ಳಲು ಲ್ಯೂಬಾ ಇರಬೇಕಲ್ಲ.

ಇವತ್ತು ನೆರಿಡಾ ಒಂದು ಉಪಾಯ ಮಾಡಿದಳು.

"ತಿರುಗಿ ನಿಲ್ಲು. ಗಲ್ಲಾ ಹಿಡ್ಕೋ. ಕಾಲು ಹಿಂದಕ್ಕೆ ಎತ್ತು."

"ನಾನೇನು ಕುದುರೆನಾ?"

"ಕುದುರೆ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ. ಎತ್ತೆ."

ಲ್ಯೂಬಾ ಗೊಣಗುತ್ತ ಕಾಲೆತ್ತಿದಳು. ನೆರಿಡಾ ಅವಳ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು, ಸಾವಿರ ಸಲ ಲ್ಯೂಬಾ ಗೊರಸನ್ನು ಇಟ್ಟುಕೊಂಡ ಹಾಗೆಯೇ. ದಪ್ಪ ಕಾಲುಚೀಲ ಕಿತ್ತು ತೆಳ್ಳನೆಯ ಉಣ್ಣೆಯದನ್ನು ಹಾಕುವಾಗ ಮೀನಖಂಡದ ಸುತ್ತ ಆ ಗುರುತು ಕಂಡಿತು. ಕಂದು ಬಣ್ಣದ ಒಂದು ಬಳೆ. ಕೂದಲಿಲ್ಲ, ಚರ್ಮ ನುಣುಪಾಗಿ ಗಟ್ಟಿಯಾಗಿದೆ, ಬಹುಕಾಲ ಕಟ್ಟಿಹಾಕಿದ ಪ್ರಾಣಿಯ ಕಾಲಿನ ಹಗ್ಗದ ಕಲೆಯಂತೆ. ನೆರಿಡಾ ಅದನ್ನು ಬೇಸಿಗೆಯ ಈಜಿನಲ್ಲಿ ಎಷ್ಟೋ ಸಲ ನೋಡಿದ್ದಳು. ಕೈಯಲ್ಲಿ ಹಿಡಿದು ನೋಡಿದ್ದು ಇದೇ ಮೊದಲು. ಎಡಗಾಲಿಗೆ ಗಂಡಸರ ಗೋಡೆಯ ಅತಿ ಗಡುಸಾದ ಕರಿಬೂಟು ಹಾಕಿದಳು. ಬಲಗಾಲಿಗೆ ಎದುರುಗೋಡೆಯ ಅತಿ ಗಡುಸಾದ ಕರಿಬೂಟು. ಈಗಿನವಕ್ಕೆ ಹೂವಿಲ್ಲ, ನೇರಳೆಯಿಲ್ಲ. ಪಕ್ಕದಲ್ಲಿಟ್ಟರೂ ತಟ್ಟನೆ ಭೇದ ತಿಳಿಯದು. ಪಕ್ಕದ ತಿರುಗುಬಿಲ್ಲೆಗಳನ್ನು ಕಿರಕಿರಕಿರ ಎಂದು ತಿರುಗಿಸಿ, ಒಳಗಿನ ತಂತಿ ಬಿಗಿದಳು. ಟ್ಯಾಮ್ಸಿನ್‌ಗೆ ಎಲ್ಲ ಕಾಣುತ್ತಿತ್ತು. ನೆರಿಡಾ ಅವಳತ್ತ ಕಣ್ಣು ಬಿಟ್ಟಳು. ಟ್ಯಾಮ್ಸಿನ್ ಬಾಯಿಗೆ ಪೈ ತುರುಕಿಕೊಂಡಳು.

"ನಡಿ, ಮೆಟ್ಟಿಲಿಗೆ."

ಅಂಗಡಿಯಿಂದ ಹಿಂದಿನ ಕೋಣೆಗೆ ಇಳಿಯುವ ಒಂಟಿ ಮರದ ಮೆಟ್ಟಿಲು ಅದು. ಈ ಸೀಮೆಯ ಹೆಂಗಸರು ಬೂಟು ಕೊಳ್ಳುವುದು ಕನ್ನಡಿಯ ಮುಂದಲ್ಲ, ಆ ಮೆಟ್ಟಿಲ ಮೇಲೆ. ಬೆರಳ ಭಾಗ ಮಾತ್ರ ಅಂಚಿನ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ಮಂಡಿ ಬಗ್ಗಿಸಿ ಮೈಯನ್ನು ಮುಂದಕ್ಕೆ ಚೆಲ್ಲಬೇಕು, ಇನ್ನೊಬ್ಬಳು ಹಿಂದೆ ಕೂತು ಬೂಟಿನ ಹಿಮ್ಮಡಿಯನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತಬೇಕು. ಒಳಗೆ ಕಾಲು ಎದ್ದರೆ ಬೂಟು ಬೇಡ. ಎಷ್ಟು ಜನರ ಆಸೆ ನಿರಾಸೆಗಳು ಅಲ್ಲಿ ತೀರ್ಮಾನವಾಗಿವೆಯೋ, ಮೆಟ್ಟಿಲಿನ ಅಂಚು ಸವೆದು ದುಂಡಗಾಗಿದೆ.

ಲ್ಯೂಬಾ ಹತ್ತಿ ನಿಂತಳು. ನೆರಿಡಾ ಎಡಗಾಲನ್ನು ಒತ್ತಿದಳು.

"ಏಳ್ತಿದೆ," ಎಂದಳು ಲ್ಯೂಬಾ. ದನಿಯಲ್ಲಿ ಉತ್ಸಾಹ ಇಳಿದಿತ್ತು. "ಇದೂ ಅಷ್ಟೇನೇ. ಯಾವ್ದೂ ನಿಲ್ಲಲ್ಲ ನಂಗೆ."

ನೆರಿಡಾ ಬಲಗಾಲನ್ನು ಒತ್ತಿದಳು.

ಲ್ಯೂಬಾ ಮಂಡಿಯನ್ನು ಇನ್ನೂ ಬಗ್ಗಿಸಿದಳು. ಮುಂದಕ್ಕೆ, ಇನ್ನೂ ಮುಂದಕ್ಕೆ, ಹಣೆ ಬಾಗಿಲ ಚೌಕಟ್ಟಿಗೆ ತಾಗುವವರೆಗೆ. ಎಷ್ಟು ಹೊತ್ತಾದರೂ ಕಾಲು ಅದಲು ಬದಲು ಮಾಡಲಿಲ್ಲ.

"ಬಲಗಾಲಿಂದರ ಜೋಡಿ ಕೊಡು."

"ಅದು ಹೆಂಗಸರದು," ಎಂದಳು ನೆರಿಡಾ.

ಟ್ಯಾಮ್ಸಿನ್ ಅಗಿಯುವುದನ್ನು ನಿಲ್ಲಿಸಿದಳು. ಇನ್ನೇನು ಬೂಟು ಹಾರಿಬರುತ್ತದೆ ಎಂದೇ ಇಬ್ಬರೂ ಎಣಿಸಿದ್ದರು. ಲ್ಯೂಬಾ ಮೆಟ್ಟಿಲ ಮೇಲೆ ಕುಕ್ಕರಿಸಿ, ಗೊರಸಿನ ಮೇಲಂಚನ್ನು ಸವರಿ ನೋಡುವವಳಂತೆ ಬೂಟಿನ ಬಾಯಿಯ ಸುತ್ತ ಬೆರಳಾಡಿಸಿದಳು. ಹಿಂಬದಿಯಲ್ಲಿ ಅದು ಎಡಗಾಲಿನದಕ್ಕಿಂತ ಒಂದು ಬೆರಳಷ್ಟು ತಗ್ಗು. ಹೆಂಗಸರ ಮೀನಖಂಡ ಎಲ್ಲಿ ತುಂಬಿಕೊಳ್ಳುತ್ತದೋ ಅಲ್ಲಿ ಜಾಗ ಬಿಟ್ಟು ಹೊರಕ್ಕೆ ಬಾಗಿದೆ. ಆಮೇಲೆ ಪ್ಯಾಂಟಿನ ಮೇಲಿಂದಲೇ ತನ್ನ ಕಂದುಬಳೆಯನ್ನು ಒತ್ತಿ ನೋಡಿಕೊಂಡಳು.

"ಗೊತ್ತು," ಎಂದಳು. "ಹಾಕಿದ್ ಕೂಡ್ಲೇ ಗೊತ್ತಾಯ್ತು. ಕಚ್ಚಲಿಲ್ಲ." ಬಳೆಯ ಮೇಲಿಂದ ಬೆರಳು ತೆಗೆಯದೆ, "ಇದನ್ನ ಬೆಟ್ಟ ಮಾಡಿದ್ದು ಅಂದ್ಕೊಂಡಿದ್ದೆ ಕಣೆ, ಇಷ್ಟ್ ವರ್ಷ."

ಇಂಥ ಮಾತನ್ನು ಹೆಚ್ಚು ಹೊತ್ತು ತಾಳಿಕೊಳ್ಳುವ ಶಕ್ತಿ ಟ್ಯಾಮ್ಸಿನ್‌ಗಿಲ್ಲ. "ಹೂವಿಲ್ಲ ಅಂತ ಬೇಜಾರ್ ಮಾಡ್ಕೋಬೇಡ ಅಜ್ಜಿ. ಬೇಕಾದ್ರೆ ನಾನೇ ಬರೀತೀನಿ, ನೇರಳೆ ಬಣ್ಣದಲ್ಲಿ."

"ಬರಿ. ನಿನ್ನ ಎರಡು ಕಾಲಿಗೂ ಲಾಳ ಹೊಡೀತೀನಿ."

ಎಡಗಾಲಿಗೂ ಜೊತೆಯದು ಬಂತು. ಆದರೆ ನುರಿತವರು ಸುಲಭಕ್ಕೆ ಶರಣಾಗುವುದಿಲ್ಲ. ಎದ್ದು ನೆಟ್ಟಗೆ ನಿಂತಳು, ಹುಬ್ಬು ಗಂಟಾಯಿತು. "ಬೆರಳು ಮುಂದೆ ಒತ್ತುತ್ತೆ. ಒಂದು ಅಳತೆ ದೊಡ್ಡದು ತಾ." ಇದು ಇಂಥವರೆಲ್ಲ ಮಾಡುವ ತಪ್ಪು, ಅಂಗಡಿಯಲ್ಲಿ ಹಿತವಾದದ್ದು ಹತ್ತು ದಿನ ಇಳಿದ ಮೇಲೆ ಸಡಿಲವಾಗಿ ದೋಣಿಯಾಗುತ್ತದೆ. ನೆರಿಡಾ, "ಮಂಡಿ ಬಗ್ಗಿಸು," ಎಂದಳು. ಬಗ್ಗಿಸಿದಾಗ ಹಿಮ್ಮಡಿ ಹಿಂದಿನ ಗೂಡಿಗೆ ಕೂತು ಬೆರಳು ಹಿಂದೆ ಸರಿಯಿತು. "ಉಳಿದ ಚೂರು ಶಾಖಕ್ಕೆ ಬಿಡುತ್ತೆ. ಲಾಳ ತಣ್ಣಗಿರುವಾಗ್ಲೇ ಸರಿಯಿಲ್ಲ ಅಂತ ಎಸೀತೀಯಾ ನೀನು?"

"ಇಲ್ಲ. ಕಾಯಿಸಿ ಕೂರಿಸ್ತೀನಿ."

"ಹಾಗಾದ್ರೆ ಸುಮ್ನೆ ಕೂತ್ಕೋ."

ಮೆತ್ತನೆಯ ಒಳಬೂಟುಗಳನ್ನು ಹೊರತೆಗೆದು ಬಿಸಿಗಾಳಿಯ ಕೊಳವೆಗೆ ಏರಿಸಿ, ಹದಕ್ಕೆ ಕಾಯಿಸಿ, ಮತ್ತೆ ಒಳಗಿಟ್ಟು ಅವಳ ಕಾಲಿಗೆ ತೊಡಿಸಿ, ಬಿಲ್ಲೆ ತಿರುಗಿಸಿ ಬಿಗಿದು ನೆರಿಡಾ ಮೇಲೆದ್ದಳು. "ಈಗ ನಿಂತ್ಕೋ. ಎರಡು ಕಾಲ ಮೇಲೂ ಸಮ. ಇದು ಆರೋವರೆಗೂ ಅಲ್ಲಾಡ್ಬೇಡ. ಅಲ್ಲಾಡಿದ್ರೆ ಅಚ್ಚು ಕೆಡುತ್ತೆ, ನಾಳೆ ಕೆಡುತ್ತೆ."

ಲ್ಯೂಬಾ ಎರಡೂ ಕಾಲ ಮೇಲೆ ನಿಂತಳು. ಕೋಟಿನ ಜೇಬಿನಿಂದ ಒಂದು ಮೊಳೆ ಉದುರಿ ನೆಲದ ಮೇಲೆ ಸದ್ದು ಮಾಡಿತು. ಅದನ್ನು ಹೆಕ್ಕಲೂ ಅವಳು ಬಗ್ಗುವಂತಿರಲಿಲ್ಲ. ಆಗ ನೆರಿಡಾಳಿಗೆ ಹೊಳೆಯಿತು, ಮೂವತ್ತೈದು ಚಳಿಗಾಲಗಳಲ್ಲಿ ಈ ಹೆಂಗಸು ಎದ್ದು ಹೋಗಲಾರದ ಹಾಗೆ ತನ್ನೆದುರು ನಿಂತಿರುವುದು ಇದೇ ಮೊದಲು ಎಂದು.

"ಲ್ಯೂಬಾ, ಅವತ್ತು ನೀನು ಜಾರಿದ್ಯಲ್ಲ."

ಲ್ಯೂಬಾ ಕಾಲಿನತ್ತ ನೋಡಿದಳು. ಬೂಟು ಇನ್ನೂ ಆರಿರಲಿಲ್ಲ.

"ನಾನು ಮೇಲಿದ್ದೆ. ನಿನ್ನ ಹೆಸರು ಕೂಗಿದೆ, ಪೂರ್ತಿ ಬರ್ಲಿಲ್ಲ ಬಾಯಿಗೆ. ಬಂಡೆ ಕಡೆ ಹೋಗ್ತಾ ಇದ್ದೆ ನೀನು. ನಿಂತೆ, ಎದ್ದೆ, ನಡ್ಕೊಂಡ್ ಹೋದೆ. ನಾನು ಅಲ್ಲೇ ಕೂತ್ಬಿಟ್ಟೆ ಕಣೆ. ಟ್ಯಾಮ್ಸಿನ್ ಬಂದು ಎಬ್ಬಿಸಿದ್ಲು. ನಾನು ಬೇಡ ಅಂದಿದ್ದು ಕೋಪಕ್ಕಲ್ಲ. ಇನ್ನೊಂದ್ಸಲ ಅದನ್ನ ಮೇಲೆ ನಿಂತು ನೋಡೋಕೆ ನನ್ನ ಕೈಲಿ ಆಗಲ್ಲ. ನಾಳೆ ಹಿಮ್ಮಡಿ ಎದ್ರೆ, ಒಂದ್ ಕೂದಲಷ್ಟು ಎದ್ರೂ, ನೀನೇ ಹೇಳ್ಬೇಕು. ಹೆಮ್ಮೆಗೆ ಬಚ್ಚಿಡ್ಬಾರ್ದು. ಹಾಗಂತ ಮಾತು ಕೊಟ್ರೆ ಬರ್ತೀನಿ. ಇಲ್ದಿದ್ರೆ ಈ ವರ್ಷಕ್ಕೇ ಮುಗೀತು ನಂಗೂ ಪಡುವಣ."

"ಮುಗೀತಾ?"

"ಮುಗೀತು."

ಲ್ಯೂಬಾ ಕಿಟಕಿಯಾಚೆ ನೋಡಿದಳು. ಸರೋವರದ ಮೇಲೆ ಬೆಟ್ಟದ ಬಿಳುಪು ಬಿದ್ದಿತ್ತು.

"ನೀನು ಕೂಗಿದ್ದು ಕೇಳಿಸ್ತು," ಎಂದಳು. "'ಲ್ಯೂ' ಅಂತ. ಅಷ್ಟೇ. ತಿರುಗಿದ್ದಿದ್ರೆ ನನ್ನ ಮುಖ ಕಾಣ್ತಿತ್ತು ನಿಂಗೆ. ಅದಕ್ಕೇ ನಡೆದೆ." ಬೂಟಿನೊಳಗೆ ಹಿಮ್ಮಡಿಯನ್ನು ಎತ್ತಲು ನೋಡಿದಳು. ಅದು ಏಳಲಿಲ್ಲ. "ಹೇಳ್ತೀನಿ. ಕೂದಲಷ್ಟು ಎದ್ರೂ ಹೇಳ್ತೀನಿ."

ಟ್ಯಾಮ್ಸಿನ್ ಗೋಡೆಯ ಕಡೆ ತಿರುಗಿ ಬೂಟುಗಳ ಬೆಲೆಚೀಟಿಗಳನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು.

ನೆರಿಡಾ ಮೊಳೆಯನ್ನು ಹೆಕ್ಕಿಕೊಂಡಳು. ಇವಳ ಬೆನ್ನನ್ನು ಇಷ್ಟು ವರ್ಷ ಒರಟುತನ ಎಂದು ಓದಿಕೊಂಡು ಬಂದೆನಲ್ಲ ಎನ್ನಿಸಿತು ಅವಳಿಗೆ. ತಮಗೆಂದು ಏನೂ ಸಿದ್ಧವಾಗಿಲ್ಲದ ಜಾಗಕ್ಕೆ ಮೊದಲು ಹೋಗಿ ಸೇರುವವರ ಜಾತಿಯೇ ಹೀಗೆ. ಅಲ್ಲಿ ಬಿದ್ದಿರುವುದನ್ನೆಲ್ಲ ಬೇರೆಯವರ ಅಳತೆಗೆ ಮಾಡಿರುತ್ತಾರೆ, ಇವರು ಅದನ್ನೇ ತೊಟ್ಟು, ಸಡಿಲವಾದ ಕಡೆ ಚಿಂದಿ ತುರುಕಿ, ಕಚ್ಚಿದ ಕಡೆ ಹಲ್ಲು ಕಚ್ಚಿ, ಎಲ್ಲರಿಗಿಂತ ಮುಂದೆ ಇಳಿದು ತೋರಿಸುತ್ತಾರೆ. ನೋವಾಯಿತೆಂದರೆ ಇದು ನಿಮ್ಮ ಜಾಗವಲ್ಲ ಎನ್ನುವರೆಂದು ನೋವನ್ನು ಬೆಟ್ಟದ ಲೆಕ್ಕಕ್ಕೆ ಬರೆಯುತ್ತಾರೆ. ಹೆದರಿದ ಮುಖವನ್ನು ಯಾರೂ ಕಾಣದಿರಲೆಂದು ಬೆನ್ನು ತೋರಿಸಿ ನಡೆದುಬಿಡುತ್ತಾರೆ. ಕೊನೆಗೊಂದು ದಿನ ಅವರ ಅಳತೆಯದೂ ಗೋಡೆಗೆ ಬರುತ್ತದೆ, ಅವರು ಹೋಗಿ ದಾರಿ ಮಾಡಿದ್ದಕ್ಕೇ ಬರುತ್ತದೆ. ಆಗ ಅದರ ಕಡೆಗೆ ತಿರುಗಿ ನೋಡುವುದು ಅವರಿಗೆ ಬಂಡೆಯಂಚಿನ ತಿರುವಿಗಿಂತ ಕಠಿಣ. ತಿರುಗಿದರೆ ಮಾತ್ರ ಅವರನ್ನು ಹಿಡಿಯುವವರಿಲ್ಲ.

ಬೂಟು ಆರಿತ್ತು. ನೆರಿಡಾ ಬಗ್ಗಿ ಮುಟ್ಟಿ ನೋಡಿ ತಲೆಯಾಡಿಸಿದಳು. ಹೊಸ ಬೂಟನ್ನು ಸೀದಾ ಪಡುವಣಕ್ಕೆ ಒಯ್ಯುವುದು ಸಲ್ಲದು ಎಂಬುದು ಮೂವರಿಗೂ ಗೊತ್ತಿದ್ದ ಸಂಗತಿ. ಲ್ಯೂಬಾ ಗೋಡೆ ಗಡಿಯಾರ ನೋಡಿದಳು. ಮೇಲೆ ಲಿಫ್ಟು ಮುಚ್ಚಲು ಇನ್ನೂ ಹೊತ್ತಿತ್ತು, ಹಲಗೆ ಅವಳ ಗಾಡಿಯಲ್ಲೇ ಇತ್ತು. ಅವಳ ಭಾರ ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಓಡಾಡತೊಡಗಿತು.

"ಸಂಜೆ ಬರೀ ಸಣ್ಣ ಇಳಿಜಾರು, ಗೊತ್ತಾಯ್ತಾ," ಎಂದು ನೆರಿಡಾ ಹಳೆಯ ಬೂಟುಗಳನ್ನು ಬೆಂಚಿನಿಂದ ಎತ್ತುತ್ತ ಹೇಳತೊಡಗಿದಳು. ಒಳಗಿನಿಂದ ತೊಗಲಿನ ತುಂಡುಗಳೂ ಉಣ್ಣೆಯ ಚೂರುಗಳೂ ನೆಲಕ್ಕೆ ಉದುರಿದವು. "ಮೇಲಿನ ಬಿಲ್ಲೆ ಮೊದಲು ಬಿಗೀಬೇಡ, ಕೆಳಗಿಂದು ಬಿಗಿದು ಆಮೇಲೆ ಮೇಲಿಂದು. ಎರಡು ಇಳಿತ ಆದ್ಮೇಲೆ ಇನ್ನೊಂದ್ ಸ್ವಲ್ಪ ತಿರುಗ್ಸು. ನಾಳೆ ಬೆಳಕು ಹರಿಯೋಕ್ ಮುಂಚೆ ನಾನು ಫ್ಲಾಸ್ಕಿಗೆ ಚಹಾ ತುಂಬ್ಕೊಂಡು ನಿಮ್ಮನೆ ಹತ್ರ ಬರ್ತೀನಿ, ಟ್ಯಾಮ್ಸಿನ್‌ನೂ ಕರ್ಕೊಂಡು, ನೀನು ಗೇಟಿನ ಹತ್ರಾನೇ—"

ಬಾಗಿಲ ಮೇಲೆ ದನದ ಗಂಟೆ ಅಲ್ಲಾಡುತ್ತಿತ್ತು. ಗಾಜಿನಾಚೆ ಉದ್ದ ಕೋಟು ರಸ್ತೆ ದಾಟುತ್ತಿತ್ತು, ಕರಿಬೂಟಿನ ಹಿಮ್ಮಡಿ ಹೆಜ್ಜೆ ಹೆಜ್ಜೆಗೂ ನೆಲಕ್ಕೆ ಗಟ್ಟಿಯಾಗಿ ಊರುತ್ತಿತ್ತು.